ಕಂಪನಿ ಒಂದೇ, ತಂಡಕ್ಕೊಂದು ಅನುಭವ: ಕೆಲಸದ ತೃಪ್ತಿಯನ್ನು ತಂಡವಾರು ಅಳೆಯಲು, ಅರಿಯಲು, ಸರಿಪಡಿಸಲು ಸಮಗ್ರ ಮಾರ್ಗದರ್ಶಿ

ದೊಡ್ಡ ಕಂಪನಿಯೊಂದರ ವಾರ್ಷಿಕ ಸರ್ವೆಯಲ್ಲಿ ತೃಪ್ತಿಯ ಸರಾಸರಿ 5ಕ್ಕೆ 3.9 ಬಂತು ಎಂದುಕೊಳ್ಳಿ. ಮೇಲಿನವರಿಗೆ ಸಮಾಧಾನ, ಎಲ್ಲರಿಗೂ ಒಂದು ಅಭಿನಂದನೆಯ ಮೇಲ್. ಅದೇ ಕಂಪನಿಯ ಒಂದೇ ಮಹಡಿಯಲ್ಲಿ ಅಕ್ಕಪಕ್ಕ ಕೂರುವ ಎರಡು ತಂಡಗಳನ್ನು ನೋಡಿದರೆ ಚಿತ್ರವೇ ಬೇರೆ. ಒಂದರಲ್ಲಿ ಜನ ವರ್ಷಗಟ್ಟಲೆ ಕದಲಿಲ್ಲ, ಹೊಸಬರಿಗೆ ಕೆಲಸ ಕಲಿಸಲು ಹಳಬರು ತಾವಾಗಿಯೇ ಮುಂದೆ ಬರುತ್ತಾರೆ. ಇನ್ನೊಂದರಲ್ಲಿ ರಜೆ ಮುಗಿಯುತ್ತಿದ್ದಂತೆ ಹೊಟ್ಟೆಯಲ್ಲಿ ಸಂಕಟ ಶುರು, ಮೂರು ತಿಂಗಳಿಗೊಬ್ಬರು ರಾಜೀನಾಮೆ ಕೊಡುತ್ತಾರೆ. ಸಂಬಳದ ಶ್ರೇಣಿ, ರಜೆಯ ನಿಯಮ ಎರಡಕ್ಕೂ ಒಂದೇ. ಕೊಟ್ಟ ಲ್ಯಾಪ್‌ಟಾಪ್ ಕೂಡ ಒಂದೇ ಮಾಡೆಲ್.

3.9ರಲ್ಲಿ ಆ ಎರಡನೇ ತಂಡ ಕಾಣುವುದೇ ಇಲ್ಲ. ಅಲ್ಲಿಯವರ ಕಷ್ಟ ಮಾತ್ರ ದಿನವೂ ಇದೆ. ಅದನ್ನು ನೋಡಬೇಕಾದ ಎಚ್‌ಆರ್ ಸಿಬ್ಬಂದಿ, ವಿಭಾಗದ ಮುಖ್ಯಸ್ಥರು, ಹಲವು ತಂಡಗಳ ಹೊಣೆ ಹೊತ್ತ ಮ್ಯಾನೇಜರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮುಖ್ಯ ಮಾತು ಇಷ್ಟು: ತಂಡದ ಸ್ಕೋರ್ ಎಲ್ಲಿ ಹೋಗಿ ಕೇಳಬೇಕು ಎಂದು ತೋರಿಸುತ್ತದೆ, ಯಾರ ತಪ್ಪು ಎಂದು ಹೇಳುವುದಿಲ್ಲ. ಈ ಒಂದು ವಿಷಯದಲ್ಲಿ ಎಡವಿದರೆ ಮುಂದಿನ ಎಲ್ಲ ಹಂತಗಳೂ ಹಾದಿ ತಪ್ಪುತ್ತವೆ.

ಹಂತ 1: ಕಂಪನಿಯ ಕೈಯಲ್ಲಿರುವುದನ್ನೂ ತಂಡದ ಕೈಯಲ್ಲಿರುವುದನ್ನೂ ಬೇರ್ಪಡಿಸಿ

"ನಿಮಗೆ ಕೆಲಸ ತೃಪ್ತಿ ಕೊಟ್ಟಿದೆಯೇ?" ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರದಲ್ಲಿ ಹತ್ತು ಸಂಗತಿಗಳು ಕಲೆತಿರುತ್ತವೆ. ಹಾಗಾಗಿ ಸಂಶೋಧಕರು ಬಹಳ ಹಿಂದೆಯೇ ಅದನ್ನು ಬಿಡಿಸಿ ಕೇಳತೊಡಗಿದರು. 1969ರಲ್ಲಿ ಪೆಟ್ರೀಷಿಯಾ ಸ್ಮಿತ್ ಮತ್ತು ಸಂಗಡಿಗರು ಮುಂದಿಟ್ಟ ಜಾಬ್ ಡಿಸ್ಕ್ರಿಪ್ಟಿವ್ ಇಂಡೆಕ್ಸ್ ಎಂಬ ಪ್ರಶ್ನಾವಳಿಯಲ್ಲಿ ಐದು ಮುಖಗಳಿದ್ದವು: ಕೆಲಸ, ಸಂಬಳ, ಬಡ್ತಿ, ಮೇಲ್ವಿಚಾರಣೆ, ಸಹೋದ್ಯೋಗಿಗಳು. 1985ರಲ್ಲಿ ಪಾಲ್ ಸ್ಪೆಕ್ಟರ್ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 36 ಪ್ರಶ್ನೆಗಳು, 9 ಮುಖಗಳು.

ಇವುಗಳಲ್ಲಿ ಸಂಬಳದ ಶ್ರೇಣಿ, ಬಡ್ತಿಯ ನಿಯಮ, ವಿಮೆ, ರಜೆ ಇವೆಲ್ಲ ಮೇಲಿನಿಂದ ತೀರ್ಮಾನವಾಗಿ ಬರುತ್ತವೆ. ಇವುಗಳ ಸ್ಕೋರ್ ತಂಡದಿಂದ ತಂಡಕ್ಕೆ ಅಷ್ಟಾಗಿ ಬದಲಾಗಬಾರದು. ಬದಲಾಗಿದ್ದರೆ ಒಂದೋ ನಿಯಮ ಎಲ್ಲರಿಗೂ ಒಂದೇ ರೀತಿ ಜಾರಿಯಾಗುತ್ತಿಲ್ಲ, ಇಲ್ಲವೇ ಬೇರೆ ಯಾವುದೋ ಅಸಮಾಧಾನ ಸಂಬಳದ ಪ್ರಶ್ನೆಯ ಮೇಲೆ ಬಂದು ಕೂತಿದೆ. ಮ್ಯಾನೇಜರ್ ನಡೆದುಕೊಳ್ಳುವ ರೀತಿ, ಕೆಲಸದ ಹೊರೆ, ತೀರ್ಮಾನ ತೆಗೆದುಕೊಳ್ಳುವ ಸ್ವಾತಂತ್ರ್ಯ, ಸಹೋದ್ಯೋಗಿಗಳ ಮೇಲಿನ ನಂಬಿಕೆ, ಮಾಡಿದ ಕೆಲಸಕ್ಕೆ ಸಿಗುವ ಮನ್ನಣೆ ಇವು ತಂಡದೊಳಗೆ ಹುಟ್ಟುತ್ತವೆ. ತಂಡಗಳ ನಡುವಿನ ನಿಜವಾದ ಅಂತರ ಇರುವುದು ಹೆಚ್ಚಾಗಿ ಇಲ್ಲೇ.

ಮ್ಯಾನೇಜರ್ ಪಾಲು ಎಷ್ಟು? ಘಟಕದಿಂದ ಘಟಕಕ್ಕೆ ನೌಕರರ ತೊಡಗಿಸಿಕೊಳ್ಳುವಿಕೆಯ ಸ್ಕೋರ್‌ನಲ್ಲಿ ಕಾಣುವ ವ್ಯತ್ಯಾಸದ ಕನಿಷ್ಠ ಶೇ 70ಕ್ಕೆ ಮ್ಯಾನೇಜರ್ ಕಾರಣ ಎಂದು ಗ್ಯಾಲಪ್ ಸಮೀಕ್ಷಾ ಸಂಸ್ಥೆ 2015ರ ವರದಿಯಲ್ಲಿ ಹೇಳಿತು. ಈ ಅಂಕಿ ಎಲ್ಲ ಪ್ರೆಸೆಂಟೇಶನ್‌ಗಳಲ್ಲೂ ಕಾಣಿಸಿಕೊಳ್ಳುತ್ತದೆ. ಇದನ್ನು ಎಚ್ಚರದಿಂದ ಬಳಸಿ. ಮ್ಯಾನೇಜರ್ ಬೇರೆಯಾದಾಗ ಕೆಲಸದ ಸ್ವರೂಪ, ಗ್ರಾಹಕರು, ಶಿಫ್ಟ್ ಕೂಡ ಸಾಮಾನ್ಯವಾಗಿ ಬೇರೆಯೇ ಆಗಿರುತ್ತವೆ. ಒಂದರ ಪರಿಣಾಮವನ್ನು ಇನ್ನೊಂದರಿಂದ ಬಿಡಿಸುವುದು ಸುಲಭವಲ್ಲ.

ಹಂತ 2: ತಂಡ ಎಂದರೆ ಯಾರು ಎಂದು ತೀರ್ಮಾನಿಸಿ

ಎಚ್‌ಆರ್ ಸಿಸ್ಟಂನಲ್ಲಿ ತಂಡ ಎಂದರೆ ಒಬ್ಬರೇ ಮ್ಯಾನೇಜರ್‌ಗೆ ರಿಪೋರ್ಟ್ ಮಾಡುವವರು. ನಿಜ ಜೀವನದಲ್ಲಿ ಒಬ್ಬ ಡಿಸೈನರ್ ಕಾಗದದ ಮೇಲೆ ಡಿಸೈನ್ ವಿಭಾಗದಲ್ಲಿದ್ದು, ದಿನವಿಡೀ ಬೇರೊಂದು ಪ್ರಾಜೆಕ್ಟ್‌ನ ಜನರ ಜೊತೆ ಇರಬಹುದು. "ನನ್ನ ತಂಡ" ಎಂದಾಗ ಅವರ ಮನಸ್ಸಿಗೆ ಬರುವುದು ಆ ಪ್ರಾಜೆಕ್ಟ್‌ನವರೇ. ಸರ್ವೆಯ ಮೊದಲಲ್ಲೇ "ವಾರದ ಹೆಚ್ಚು ಹೊತ್ತು ಯಾರ ಜೊತೆ ಕೆಲಸ ಮಾಡುತ್ತೀರೋ ಅವರನ್ನು ನೆನೆದು ಉತ್ತರಿಸಿ" ಎಂದು ಬರೆಯಿರಿ. ಆ ತಂಡ ಯಾವುದು ಎಂಬುದನ್ನು ಅವರೇ ಪಟ್ಟಿಯಿಂದ ಆರಿಸಲಿ. ಗುತ್ತಿಗೆಯ ಮೇಲೆ ಬಂದವರನ್ನೂ ಸೇರಿಸಿಕೊಳ್ಳಿ. ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡುವವರನ್ನು ಹೊರಗಿಟ್ಟರೆ ಅರ್ಧ ತಂಡವನ್ನು ಮಾತ್ರ ಅಳೆದಂತೆ.

ಹಂತ 3: ಕಡಿಮೆ ಪ್ರಶ್ನೆ ಕೇಳಿ, ನೇರವಾಗಿ ಕೇಳಿ

ಹತ್ತರಿಂದ ಹದಿನೈದು ಪ್ರಶ್ನೆ ಸಾಕು. ಅರವತ್ತು ಪ್ರಶ್ನೆ ಕೊಟ್ಟರೆ ಹೊರೆ ಹೆಚ್ಚಿರುವ ತಂಡದವರೇ ಮೊದಲು ಕೈಬಿಡುತ್ತಾರೆ, ನಿಮಗೆ ಬೇಕಾದ್ದು ಅವರದೇ ಉತ್ತರ. 1ರಿಂದ 5ರ ಅಳತೆಯಲ್ಲಿ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಗುರುತಿಸಲು ಕೆಳಗಿನಂಥ ವಾಕ್ಯಗಳನ್ನು ಬಳಸಬಹುದು:

- ನನ್ನಿಂದ ಏನು ನಿರೀಕ್ಷಿಸುತ್ತಾರೆ ಎಂಬುದು ನನಗೆ ಸ್ಪಷ್ಟವಾಗಿದೆ.
- ಕೆಲಸಕ್ಕೆ ಬೇಕಾದ ಮಾಹಿತಿ, ಅನುಮತಿ ಸಮಯಕ್ಕೆ ಸಿಗುತ್ತದೆ.
- ನನ್ನ ಕೆಲಸವನ್ನು ಹೇಗೆ ಮಾಡಬೇಕೆಂದು ಸಾಕಷ್ಟು ಮಟ್ಟಿಗೆ ನಾನೇ ತೀರ್ಮಾನಿಸಬಲ್ಲೆ.
- ಕೊಟ್ಟ ಕೆಲಸ ಮಾಮೂಲಿ ಕೆಲಸದ ಹೊತ್ತಿನಲ್ಲಿ ಮುಗಿಯುತ್ತದೆ.
- ಈ ತಂಡದಲ್ಲಿ ತಪ್ಪು ಮಾಡಿದರೆ ಅದನ್ನೇ ಹಿಡಿದು ಆಡುವುದಿಲ್ಲ.
- ಕಷ್ಟದ ವಿಷಯವನ್ನು ಮ್ಯಾನೇಜರ್ ಬಳಿ ಹೇಳಿಕೊಳ್ಳಬಹುದು.
- ಕಳೆದ ತಿಂಗಳಲ್ಲಿ ನನ್ನ ಕೆಲಸದ ಬಗ್ಗೆ ಉಪಯೋಗಕ್ಕೆ ಬರುವ ಮಾತು ಯಾರಾದರೂ ಹೇಳಿದ್ದಾರೆ.
- ಇನ್ನೊಂದು ವರ್ಷ ಇದೇ ತಂಡದಲ್ಲಿ ಇರಲು ಇಷ್ಟಪಡುತ್ತೇನೆ.

ಒಂದು ವಾಕ್ಯದಲ್ಲಿ ಎರಡು ಸಂಗತಿ ತುರುಕಬೇಡಿ. "ನನ್ನ ಮ್ಯಾನೇಜರ್ ನ್ಯಾಯವಂತರು, ಸ್ಪಷ್ಟವಾಗಿ ಮಾತಾಡುತ್ತಾರೆ" ಎಂದರೆ, ಸ್ಪಷ್ಟವಾಗಿಯೇ ಅನ್ಯಾಯ ಮಾಡುವ ಮ್ಯಾನೇಜರ್ ಇರುವವರು ಯಾವ ಅಂಕ ಕೊಡಬೇಕು? ಕೊನೆಗೆ ಬರೆಯಲು ಜಾಗ ಬಿಟ್ಟು ಒಂದು ಪ್ರಶ್ನೆ ಇಡಿ: "ನಿಮ್ಮ ತಂಡದಲ್ಲಿ ಒಂದೇ ಒಂದು ಸಂಗತಿ ಬದಲಾಗಬೇಕಿದ್ದರೆ ಅದು ಯಾವುದು?" ಅಂಕಿಗಳಿಗಿಂತ ಎಷ್ಟೋ ಸಲ ಈ ಸಾಲುಗಳೇ ಹೆಚ್ಚು ಹೇಳುತ್ತವೆ.

ತಪ್ಪಿನ ಬಗೆಗಿನ ವಾಕ್ಯವನ್ನು ಯಾವ ಕಾರಣಕ್ಕೂ ಬಿಡಬೇಡಿ. ಮಾತಾಡಿದರೆ ತೊಂದರೆಯಿಲ್ಲ ಎಂಬ ಧೈರ್ಯ ತಂಡಕ್ಕೆ ಎಷ್ಟು ಮುಖ್ಯ ಎಂದು ಸಂಶೋಧಕಿ ಏಮಿ ಎಡ್ಮಂಡ್ಸನ್ 1999ರ ಅಧ್ಯಯನದಲ್ಲಿ ತೋರಿಸಿದರು. ಮುಂದೆ ಗೂಗಲ್ ತನ್ನದೇ 180 ತಂಡಗಳನ್ನು ಪ್ರಾಜೆಕ್ಟ್ ಅರಿಸ್ಟಾಟಲ್ ಹೆಸರಿನಲ್ಲಿ ಅಧ್ಯಯನ ಮಾಡಿದಾಗಲೂ ಪಟ್ಟಿಯ ಮೊದಲಿಗೆ ಬಂದದ್ದು ಇದೇ.

ಹಂತ 4: ಗುಟ್ಟು ಕಾಯುವ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ

ಐದಕ್ಕಿಂತ ಕಡಿಮೆ ಉತ್ತರ ಬಂದ ತಂಡದ ಫಲಿತಾಂಶವನ್ನು ಬೇರೆಯಾಗಿ ತೋರಿಸಬೇಡಿ, ಮೇಲಿನ ಹಂತದ ಗುಂಪಿನೊಳಗೆ ಸೇರಿಸಿ. ಇಷ್ಟು ಮಾಡಿದರೂ ಒಂದು ಕಿಂಡಿ ಉಳಿಯುತ್ತದೆ. 20 ಜನರ ವಿಭಾಗದ ಫಲಿತಾಂಶವನ್ನೂ ಅದರೊಳಗಿನ 17 ಜನರ ತಂಡದ ಫಲಿತಾಂಶವನ್ನೂ ಒಟ್ಟಿಗೆ ತೋರಿಸಿದರೆ, ಒಂದರಿಂದ ಒಂದನ್ನು ಕಳೆದು ಉಳಿದ ಮೂವರ ಉತ್ತರವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಡ್ಯಾಶ್‌ಬೋರ್ಡ್ ಕಟ್ಟುವವರಿಗೆ ಇದನ್ನು ಮೊದಲೇ ಹೇಳಿ. ಬರೆದ ಉತ್ತರಗಳನ್ನು ಮ್ಯಾನೇಜರ್‌ಗೆ ಇದ್ದ ಹಾಗೇ ಕೊಡಬೇಡಿ. ಬರೆಯುವ ಶೈಲಿಯಿಂದಲೇ ಆಳು ಗೊತ್ತಾಗುತ್ತದೆ.

ಹೆಸರೇ ದಾಖಲಾಗದ ಸರ್ವೆ ಬೇರೆ, ಹೆಸರು ದಾಖಲಾಗಿದ್ದರೂ ಹೊರಗೆ ಬಿಡದ ಸರ್ವೆ ಬೇರೆ. ನಿಮ್ಮದು ಎರಡನೆಯದಾದರೆ ಅದನ್ನೇ ಹೇಳಿ. ಮುಚ್ಚಿಟ್ಟದ್ದು ಒಮ್ಮೆ ಗೊತ್ತಾದರೆ ಮುಂದಿನ ಎಷ್ಟೋ ವರ್ಷ ಎಲ್ಲರೂ 4 ಒತ್ತಿ ಎದ್ದು ಹೋಗುತ್ತಾರೆ. ಅಪ್ರೈಸಲ್ ನಡೆಯುವ ವಾರಗಳಲ್ಲಿ, ಜನರನ್ನು ತೆಗೆಯುವ ಸುದ್ದಿ ಹಬ್ಬಿರುವಾಗ ಸರ್ವೆ ಮಾಡಬೇಡಿ.

ಹಂತ 5: ಅಂಕಿಗಳನ್ನು ಅವಸರವಿಲ್ಲದೆ ಓದಿ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಫಲಿತಾಂಶ ಬಂದ ಕೂಡಲೇ ಎಲ್ಲರೂ ಮಾಡುವುದು ತಂಡಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸುವುದು. ಹಾಗೆ ಜೋಡಿಸಿದಾಗ ಪಟ್ಟಿಯ ತುದಿಯಲ್ಲೂ ತಳದಲ್ಲೂ ಪುಟ್ಟ ತಂಡಗಳೇ ತುಂಬಿರುತ್ತವೆ. ಅವು ಅಷ್ಟು ಒಳ್ಳೆಯವು, ಅಷ್ಟು ಕೆಟ್ಟವು ಎಂದಲ್ಲ. ಆರು ಜನರ ತಂಡದಲ್ಲಿ ಎಲ್ಲರೂ 4 ಕೊಟ್ಟಿದ್ದಾರೆ ಎಂದುಕೊಳ್ಳಿ, ಸರಾಸರಿ 4. ಅವರಲ್ಲೊಬ್ಬರು ಆ ವಾರ ಬೇಸರದಲ್ಲಿದ್ದು 2 ಕೊಟ್ಟರೆ ಸರಾಸರಿ 3.67ಕ್ಕೆ ಇಳಿಯುತ್ತದೆ. ನೂರು ಜನರ ತಂಡದಲ್ಲಿ ಹೀಗೇ ಆದರೆ ಸರಾಸರಿ 3.98, ಯಾರ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಉತ್ತರಗಳ ಹರಡಿಕೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಉತ್ತರಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರವಿವೆ ಎಂಬ ಅಳತೆ) ತಂಡದ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಹರಡಿಕೆ 1 ಇದ್ದರೆ ಆರು ಜನರ ತಂಡಕ್ಕೆ ಸುಮಾರು 0.41, ನೂರು ಜನರ ತಂಡಕ್ಕೆ 0.1 ಬರುತ್ತದೆ. ಅದರ ದುಪ್ಪಟ್ಟಿನಷ್ಟು ಏರಿಳಿತ ಸುಮ್ಮಸುಮ್ಮನೆ ಆಗಬಹುದು. ಹೀಗಾಗಿ ಆರು ಜನರ ತಂಡ 3.5 ಪಡೆದರೂ 4.1 ಪಡೆದರೂ ಆ ಒಂದೇ ಸರ್ವೆಯಿಂದ ಹೆಚ್ಚೇನೂ ಹೇಳಲಾಗದು.

"ಆರೂ ಜನ ಉತ್ತರಿಸಿದ್ದಾರೆ, ಇನ್ನೇನು ಅನುಮಾನ?" ಎಂದು ಕೇಳುವವರಿದ್ದಾರೆ. ಅದೇ ಆರು ಜನ ಎರಡು ವಾರ ಬಿಟ್ಟು ಉತ್ತರಿಸಿದ್ದರೆ ಇದೇ ಅಂಕ ಬರುತ್ತಿತ್ತೇ ಎಂಬುದೇ ಅನುಮಾನ. ಸಣ್ಣ ತಂಡಗಳಿಗೆ ಎರಡು ಮೂರು ಸರ್ವೆಗಳನ್ನು ಒಟ್ಟಿಗೆ ನೋಡಿ. ಪ್ರತಿ ಸಲವೂ ಒಂದೇ ಪ್ರಶ್ನೆಯಲ್ಲಿ ತಳ ಕಂಡರೆ ಅಲ್ಲಿ ಏನೋ ಇದೆ.

ಇದೇ ಕಾರಣಕ್ಕೆ, "ಈ ಕಂಪನಿಯನ್ನು ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ?" ಎಂದು 0ರಿಂದ 10ರ ಅಳತೆಯಲ್ಲಿ ಕೇಳುವ ಪದ್ಧತಿಯನ್ನು ತಂಡದ ಮಟ್ಟಕ್ಕೆ ಇಳಿಸಬೇಡಿ. ಅದರಲ್ಲಿ 9, 10 ಕೊಟ್ಟವರ ಶೇಕಡಾವಾರಿನಿಂದ 0ರಿಂದ 6 ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ. ಐದು ಜನರ ತಂಡದಲ್ಲಿ ಒಬ್ಬರೇ 9ರಿಂದ 6ಕ್ಕೆ ಬಂದರೂ ಸ್ಕೋರ್ 40 ಅಂಕ ಕುಸಿಯುತ್ತದೆ.

ಸರಾಸರಿಯ ಜೊತೆ ಉತ್ತರಗಳ ಹರಡಿಕೆಯನ್ನೂ ನೋಡಿ. ಹತ್ತು ಜನರ ಒಂದು ತಂಡದಲ್ಲಿ ಆರು ಜನ 3, ನಾಲ್ಕು ಜನ 4 ಕೊಟ್ಟರೆ ಸರಾಸರಿ 3.4. ಇನ್ನೊಂದರಲ್ಲಿ ಆರು ಜನ 5, ನಾಲ್ಕು ಜನ 1 ಕೊಟ್ಟರೂ 3.4. ಮೊದಲನೆಯದು ತಕ್ಕಮಟ್ಟಿಗೆ ನಡೆಯುತ್ತಿರುವ ತಂಡ. ಎರಡನೆಯದರಲ್ಲಿ ತಂಡವೇ ಎರಡು ಪಾಲಾಗಿದೆ: ಮ್ಯಾನೇಜರ್‌ಗೆ ಹತ್ತಿರದವರು, ದೂರದವರು, ಅಥವಾ ಹಗಲಿನ ಶಿಫ್ಟ್‌ನವರು, ರಾತ್ರಿಯ ಶಿಫ್ಟ್‌ನವರು. ಕಂಪನಿಯ ರಿಪೋರ್ಟ್‌ನಲ್ಲಿ ಎರಡಕ್ಕೂ ಒಂದೇ ಹಳದಿ ಬಣ್ಣ ಬಿದ್ದಿರುತ್ತದೆ.

ಹೋಲಿಸುವುದಾದರೆ ಒಂದೇ ಬಗೆಯ ಕೆಲಸದವರನ್ನು ಹೋಲಿಸಿ. ಗ್ರಾಹಕರ ಬೈಗುಳ ಕೇಳುವ ತಂಡವನ್ನು ಸಂಶೋಧನೆಯ ತಂಡದ ಪಕ್ಕದಲ್ಲಿಟ್ಟು "ನೋಡಿ, ಅವರಿಂದ ಕಲಿಯಿರಿ" ಎನ್ನುವುದು ಅನ್ಯಾಯ. ಉತ್ತರಿಸಿದವರ ಪ್ರಮಾಣವನ್ನೂ ಗಮನಿಸಿ. ಬೇರೆಡೆ ಶೇ 85 ಮಂದಿ ಉತ್ತರಿಸಿ ಒಂದು ತಂಡದಲ್ಲಿ ಶೇ 40 ಮಾತ್ರ ಉತ್ತರಿಸಿದ್ದರೆ, ಆ ಮೌನವನ್ನೇ ಮೊದಲ ಸುಳಿವಾಗಿ ತೆಗೆದುಕೊಳ್ಳಿ. ಬೇಸತ್ತವರೆಲ್ಲ ಬಿಟ್ಟು ಹೋದ ಮೇಲೆ ಉಳಿದವರ ಸ್ಕೋರ್ ಏರುವುದೂ ಉಂಟು, ಅದನ್ನು ಸುಧಾರಣೆ ಎಂದು ಬರೆದುಕೊಳ್ಳಬೇಡಿ.

ಇನ್ನೊಂದು ಸಂಗತಿ. 1990ರ ದಶಕದಲ್ಲಿ ಎಡ್ಮಂಡ್ಸನ್ ಆಸ್ಪತ್ರೆಗಳ ದಾದಿಯರ ತಂಡಗಳನ್ನೂ ಅಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನೂ ನೋಡಿದಾಗ, ಒಳ್ಳೆಯ ನಾಯಕತ್ವ ಇದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳಲ್ಲಿ ಜನ ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು ಎಂಬುದು ಅವರು ಕಂಡ ವಿವರಣೆ. ಸರ್ವೆಗೂ ಇದು ಅನ್ವಯಿಸುತ್ತದೆ. ಹೊಸ ಮ್ಯಾನೇಜರ್ ಬಂದು ಜನ ಬಾಯಿ ಬಿಡತೊಡಗಿದ ಮೊದಲ ವರ್ಷ ಸ್ಕೋರ್ ಇಳಿಯಬಹುದು, ಎಲ್ಲರೂ ಹೆದರಿ ಕೂತ ತಂಡ 4.6 ತೋರಿಸಬಹುದು.

ಹಂತ 6: ಕಂಪನಿಯಲ್ಲಿ ಈಗಾಗಲೇ ಇರುವ ದಾಖಲೆಗಳ ಜೊತೆ ತಾಳೆ ನೋಡಿ

ಎರಡು ವರ್ಷದಲ್ಲಿ ಎಷ್ಟು ಜನ ಬಿಟ್ಟರು, ಅದರಲ್ಲಿ ಸೇರಿದ ಮೊದಲ ವರ್ಷದಲ್ಲೇ ಬಿಟ್ಟವರೆಷ್ಟು? ಕಂಪನಿಯೊಳಗೇ ಬೇರೆ ತಂಡಕ್ಕೆ ವರ್ಗ ಕೇಳುವವರು ಯಾವ ತಂಡದಿಂದ ಹೊರಡುತ್ತಿದ್ದಾರೆ, ಯಾವ ಕಡೆಗೆ? ರಜೆ ಬಳಸದೇ ಉಳಿದಿರುವುದು ಎಲ್ಲಿ? ಆನ್‌ಕಾಲ್ (ಕರೆ ಬಂದರೆ ಕೆಲಸಕ್ಕೆ ಕೂರುವ ಸರದಿ) ಇದ್ದವರನ್ನು ರಾತ್ರಿ ಎಷ್ಟು ಸಲ ಎಬ್ಬಿಸಲಾಗಿದೆ? ನನ್ನ ಮಟ್ಟಿಗೆ ಒಳಗಿನ ವರ್ಗಾವಣೆಯ ದಿಕ್ಕು ಇವುಗಳಲ್ಲೆಲ್ಲ ಹೆಚ್ಚು ನಂಬತಕ್ಕ ಗುರುತು. ಸಂಬಳ, ಕಂಪನಿಯ ಹೆಸರು ಬದಲಾಗದಿದ್ದರೂ ಜನ ತಂಡ ಬಿಡುತ್ತಿದ್ದಾರೆ ಎಂದರೆ ಕಾರಣ ಆ ತಂಡದಲ್ಲೇ ಇದೆ. ಈ ದಾಖಲೆಗಳನ್ನು ತಂಡದ ಮಟ್ಟದಲ್ಲೇ ನಿಲ್ಲಿಸಿ. ಒಬ್ಬೊಬ್ಬರ ಚಾಟ್, ಲಾಗಿನ್ ಸಮಯ ಕೆದಕಲು ಹೊರಟರೆ ತೃಪ್ತಿ ಅಳೆಯಲು ಬಂದವರೇ ಅತೃಪ್ತಿಗೆ ಕಾರಣರಾಗುತ್ತಾರೆ.

ಹಂತ 7: ಹೋಗಿ ಕೂತು ಕೇಳಿ

ಅಂಕಿ ತೋರಿಸಿದ ತಂಡಕ್ಕೆ ಹೋಗಿ ಮಾತಾಡುವುದೇ ಇಡೀ ಪ್ರಕ್ರಿಯೆಯ ಜೀವಾಳ. ಹೋಗುವವರು ಆ ತಂಡದ ಮೇಲಧಿಕಾರಿಗಳ ಸಾಲಿನವರಾಗಿರಬಾರದು. ನಾಲ್ಕರಿಂದ ಆರು ಜನರ ಗುಂಪು, ಒಂದು ಗಂಟೆ, ಮ್ಯಾನೇಜರ್ ಹೊರಗೆ. ಒಬ್ಬರೇ ಮಾತಾಡಲು ಬಯಸುವವರಿಗೆ ಬೇರೆ ಸಮಯ. ಮ್ಯಾನೇಜರ್ ಜೊತೆಯೂ ಅಷ್ಟೇ ಹೊತ್ತು ಕೂರಿ, ಅವರ ಕಷ್ಟವನ್ನು ಕೇಳುವವರು ಇನ್ನೂ ಕಡಿಮೆ. ತಳದಲ್ಲಿರುವ ಎರಡು ತಂಡಗಳ ಜೊತೆ, ಅದೇ ಬಗೆಯ ಕೆಲಸ ಮಾಡುತ್ತ ಚೆನ್ನಾಗಿರುವ ಒಂದು ತಂಡಕ್ಕೂ ಹೋಗಿ.

"ನಿಮಗೆ ಏಕೆ ಬೇಸರ?" ಎಂದು ಕೇಳಿದರೆ ಸಿದ್ಧ ಉತ್ತರಗಳೇ ಸಿಗುತ್ತವೆ: ಕಮ್ಯುನಿಕೇಶನ್ ಸರಿಯಿಲ್ಲ, ಒತ್ತಡ ಜಾಸ್ತಿ. ನಡೆದ ಘಟನೆ ಕೇಳಿ. "ಕಳೆದ ವಾರ ನಿಮ್ಮ ಕೆಲಸ ಎಲ್ಲಿ ನಿಂತುಹೋಯಿತು?" "ಇತ್ತೀಚೆಗೆ ಖುಷಿಯಿಂದ ಮನೆಗೆ ಹೋದ ದಿನ ಏನಾಗಿತ್ತು?" "ಹೊಸದಾಗಿ ಸೇರುವವರಿಗೆ ಗುಟ್ಟಾಗಿ ಯಾವ ಎಚ್ಚರಿಕೆ ಕೊಡುತ್ತೀರಿ?"

ಒಂದು ಕಲ್ಪಿತ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗ್ರಾಹಕ ಸೇವೆಯ ಎರಡು ತಂಡಗಳು. "ಮಾಹಿತಿ, ಅನುಮತಿ ಸಮಯಕ್ಕೆ ಸಿಗುತ್ತದೆ" ಎಂಬುದಕ್ಕೆ ಒಂದರಲ್ಲಿ 4.1, ಇನ್ನೊಂದರಲ್ಲಿ 2.3. ಎರಡನೇ ತಂಡದ ಮ್ಯಾನೇಜರ್ ಬಗ್ಗೆ ಎಲ್ಲರದೂ ಒಳ್ಳೆಯ ಮಾತೇ. ಕೆಲಸ ಎಲ್ಲಿ ನಿಂತಿತು ಎಂದು ಕೇಳಿದಾಗ ಒಬ್ಬಾಕೆ ಹೇಳುತ್ತಾರೆ: "ಗ್ರಾಹಕರಿಗೆ ದುಡ್ಡು ವಾಪಸ್ ಕೊಡಲು ಫೈನಾನ್ಸ್‌ನವರ ಒಪ್ಪಿಗೆ ಬೇಕು. ಅದು ಎರಡು ದಿನ ಬರಲ್ಲ. ಅಷ್ಟರಲ್ಲಿ ಅದೇ ಗ್ರಾಹಕರು ಮೂರು ಸಲ ಫೋನ್ ಮಾಡ್ತಾರೆ. ಮೂರೂ ಕಾಲ್ ನನ್ನ ಲೆಕ್ಕಕ್ಕೆ ಬೀಳುತ್ತೆ, ವಾರದ ಕೊನೆಗೆ ನನ್ನ ರಿಪೋರ್ಟ್ ಕೆಂಪು." ಪಕ್ಕದ ತಂಡಕ್ಕೆ ಸಣ್ಣ ಮೊತ್ತವನ್ನು ತಾವೇ ವಾಪಸ್ ಕೊಡುವ ಅಧಿಕಾರ ಹಿಂದೆಂದೋ ಸಿಕ್ಕಿದೆ. ಎರಡು ತಂಡಗಳ ನಡುವಿನ ಅಂತರ ಅಷ್ಟೇ. ಈ ತಂಡಕ್ಕೆ ಮನೋಬಲ ಹೆಚ್ಚಿಸುವ ಒಂದು ದಿನದ ಕಾರ್ಯಾಗಾರ ಏರ್ಪಡಿಸಿದ್ದರೆ ಜನರಿಗೆ ಇನ್ನಷ್ಟು ರೇಗುತ್ತಿತ್ತು.

ಹಂತ 8: ಕಾರಣ ಯಾವ ಬಗೆಯದು ಎಂದು ಗುರುತಿಸಿ, ಆಮೇಲೆ ಕೈ ಹಾಕಿ

ಕಾರಣ ಕೆಲಸದ ರಚನೆಯಲ್ಲೇ ಇರಬಹುದು. ಸಂಶೋಧಕರಾದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ 1970ರ ದಶಕದಲ್ಲಿ ಗುರುತಿಸಿದ ಐದು ಗುಣಗಳನ್ನು ಒಂದೊಂದಾಗಿ ಪರೀಕ್ಷಿಸಿ: ಬೇರೆ ಬೇರೆ ಕೌಶಲಕ್ಕೆ ಅವಕಾಶ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿದ ಭಾವ, ಅದರಿಂದ ಯಾರಿಗೋ ಉಪಯೋಗವಿದೆ ಎಂಬ ಅರಿವು, ಸ್ವಾತಂತ್ರ್ಯ, ಕೆಲಸ ಹೇಗಾಯಿತು ಎಂದು ತಿಳಿಯುವ ದಾರಿ. ಮೇಲಿನ ಉದಾಹರಣೆಯಲ್ಲಿ ಸ್ವಾತಂತ್ರ್ಯವೇ ಇರಲಿಲ್ಲ. ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದೂ ಇದನ್ನೇ: ಹೊರೆ ಹೆಚ್ಚು, ಹಿಡಿತ ಕಡಿಮೆ ಇರುವ ಕೆಲಸ ಮನುಷ್ಯರನ್ನು ಬಹಳ ಬಳಲಿಸುತ್ತದೆ. ಹೊರೆ ಇಳಿಸಲಾಗದಿದ್ದರೂ ಹಿಡಿತ ಹೆಚ್ಚಿಸಬಹುದು, ಮತ್ತು ಅದಕ್ಕೆ ಖರ್ಚು ಕಡಿಮೆ.

ಕಾರಣ ಮ್ಯಾನೇಜರ್ ನಡವಳಿಕೆಯಲ್ಲಿದ್ದರೆ, ಯಾವ ನಡವಳಿಕೆ ಎಂದು ಹೆಸರಿಸಿ. ಗೂಗಲ್ ಪ್ರಾಜೆಕ್ಟ್ ಆಕ್ಸಿಜನ್ ಎಂಬ ತನ್ನ ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರ್‌ಗಳ ಎಂಟು ನಡವಳಿಕೆಗಳನ್ನು ಪಟ್ಟಿ ಮಾಡಿದಾಗ, ಚೆನ್ನಾಗಿ ಕಲಿಸುವುದು ಮತ್ತು ಹೆಜ್ಜೆಹೆಜ್ಜೆಗೂ ಮೂಗು ತೂರಿಸದಿರುವುದು ಮೊದಲಿಗಿದ್ದವು. ತಾಂತ್ರಿಕ ಪರಿಣತಿ ಎಂಟನೆಯದು. "ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರಿ, ಮೊದಲು ಅವರು ಮಾತಾಡಲಿ" ಎನ್ನುವುದು ಪಾಲಿಸಬಹುದಾದ ಸಲಹೆ. "ಇನ್ನಷ್ಟು ಸಹಾನುಭೂತಿ ತೋರಿಸಿ" ಎನ್ನುವುದು ಗಾಳಿಮಾತು. ಆದರೆ ಅವಮಾನ, ಕಿರುಕುಳದ ದೂರು ಬಂದರೆ ಅದು ಸರ್ವೆಯ ವ್ಯಾಪ್ತಿ ಮೀರಿದ್ದು, ತನಿಖೆಯ ದಾರಿಯಲ್ಲೇ ಹೋಗಬೇಕು. ತಡ ಮಾಡಬಾರದು.

ಮೂರನೆಯದು ತಂಡದ ಇತ್ತೀಚಿನ ಚರಿತ್ರೆ: ವರ್ಷದಲ್ಲಿ ಮೂರು ಸಲ ಮ್ಯಾನೇಜರ್ ಬದಲಾವಣೆ, ಅರ್ಧಕ್ಕೆ ನಿಂತ ಪ್ರಾಜೆಕ್ಟ್, ಎರಡು ತಂಡಗಳ ವಿಲೀನ. ಇದಕ್ಕೆ ಮದ್ದು ಸ್ಥಿರತೆ. ಒಂದು ವರ್ಷ ಆ ತಂಡವನ್ನು ಅಲುಗಾಡಿಸಬೇಡಿ.

ಏನು ತಿಳಿಯಿತು ಎಂಬುದನ್ನು ಕೆಲವೇ ವಾರಗಳಲ್ಲಿ ತಂಡಕ್ಕೆ ಹೇಳಿ. ಒಂದು ಅಥವಾ ಎರಡು ಬದಲಾವಣೆ ಆರಿಸಿ, ಯಾರು ಮಾಡುತ್ತಾರೆ, ಯಾವಾಗ ಎಂದು ಬರೆದು ತೋರಿಸಿ. ಆಗದ್ದನ್ನು ಆಗದು ಎಂದೇ ಹೇಳಿ, ಕಾರಣ ಕೊಡಿ. ತಂಡಗಳ ರ‍್ಯಾಂಕ್ ಪಟ್ಟಿ ಹೊರಡಿಸಬೇಡಿ. ಸ್ಕೋರ್‌ಗೂ ಮ್ಯಾನೇಜರ್ ಬೋನಸ್‌ಗೂ ಗಂಟು ಹಾಕಲೇಬೇಡಿ. ಗಂಟು ಹಾಕಿದ ಮರುವರ್ಷವೇ ಸರ್ವೆಯ ಹಿಂದಿನ ದಿನ "ನಮ್ಮ ತಂಡದ ಮರ್ಯಾದೆ ಕಾಪಾಡಿ" ಎಂಬ ಮಾತು ಕೇಳಿಸತೊಡಗುತ್ತದೆ.

ಹಂತ 9: ಮತ್ತೆ ಅಳೆಯಿರಿ, ಹೋಲಿಸಲು ಒಂದು ಆಧಾರ ಇಟ್ಟುಕೊಂಡು

ಆರು ತಿಂಗಳ ನಂತರ ಬದಲಾವಣೆಗೆ ಸಂಬಂಧಿಸಿದ ಎರಡು ಮೂರು ಪ್ರಶ್ನೆ ಮಾತ್ರ ಕೇಳಿ. ಅನುಮತಿಯ ಅಧಿಕಾರ ಕೊಟ್ಟಿದ್ದರೆ, 2.3 ಇದ್ದ ಪ್ರಶ್ನೆಯನ್ನೇ ಅದೇ ಪದಗಳಲ್ಲಿ ಕೇಳಿ, ಒಬ್ಬ ಗ್ರಾಹಕರು ಒಂದೇ ವಿಷಯಕ್ಕೆ ಎಷ್ಟು ಸಲ ಫೋನ್ ಮಾಡುತ್ತಿದ್ದಾರೆ ಎಂಬುದನ್ನೂ ನೋಡಿ.

ಇಲ್ಲೊಂದು ಎಚ್ಚರ ಬೇಕು. ತಳದಲ್ಲಿದ್ದ ತಂಡಗಳನ್ನೇ ಆರಿಸಿ ಮತ್ತೆ ಅಳೆದರೆ, ನೀವು ಏನೂ ಮಾಡದಿದ್ದರೂ ಹೆಚ್ಚಿನವುಗಳ ಸ್ಕೋರ್ ಒಂದಿಷ್ಟು ಏರಿರುತ್ತದೆ. ಮೊದಲ ಸಲ ತಳ ಸೇರುವಲ್ಲಿ ಆ ವಾರದ ದುರದೃಷ್ಟದ ಪಾಲೂ ಇತ್ತು, ಎರಡನೇ ಸಲ ಅದು ಇರಬೇಕೆಂದಿಲ್ಲ. ಹಾಗಾಗಿ ಅಷ್ಟೇ ಕೆಳಗಿದ್ದು ಇನ್ನೂ ಕೈ ಹಾಕದ, ಮುಂದಿನ ಸರದಿಗೆ ಕಾಯುತ್ತಿರುವ ತಂಡಗಳ ಜೊತೆ ಹೋಲಿಸಿ. ಅವು 0.3 ಏರಿ, ನಿಮ್ಮ ತಂಡವೂ 0.3 ಏರಿದ್ದರೆ ನೀವು ಮಾಡಿದ ಬದಲಾವಣೆ ಇನ್ನೂ ಕೆಲಸ ಮಾಡಿಲ್ಲ, ಹಂತ 7ಕ್ಕೆ ಮರಳಿ ಆ ತಂಡದ ಜೊತೆ ಮತ್ತೆ ಕೂರಬೇಕು. ನಿಮ್ಮದು ಸ್ಪಷ್ಟವಾಗಿ ಹೆಚ್ಚು ಏರಿದ್ದರೆ ಅದೇ ಬದಲಾವಣೆಯನ್ನು ಕಾಯುತ್ತಿರುವ ತಂಡಗಳಿಗೆ ಒಯ್ಯಿರಿ, ಆದರೆ ಅವರ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಅವರನ್ನು ಮೊದಲು ಕೇಳಿ.